ಶಾಂತಲೆ ಬೆಟ್ಟದಿಂದ ಹಾರಿದಳಾ? ಊರಿನ ಹೆಣ್ಣುಮಗಳ ಕಥೆ ಬರೆಯಲು ಹೊರಟವರಿಗೆ

ಪ್ರಶ್ನೆ: ಸರ್, ನಾನು ಪ್ರೌಢಶಾಲೆಯಲ್ಲಿ ಕನ್ನಡ ಟೀಚರ್. ಶಿವಗಂಗೆ ಬೆಟ್ಟಕ್ಕೆ ಹೋದಾಗ ತುದಿಯಲ್ಲಿ ‘ಶಾಂತಲಾ ಡ್ರಾಪ್’ ತೋರಿಸಿ, ರಾಣಿ ಶಾಂತಲೆ ಇಲ್ಲಿಂದಲೇ ಹಾರಿ ಪ್ರಾಣ ಬಿಟ್ಟಳು ಅಂದರು. ಆಮೇಲೆ ಸಿ.ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ ಓದಿದೆ. ಅದರಲ್ಲಿ ಬೇರೆಯೇ ಶಾಂತಲೆ ಇದ್ದಾಳೆ. ಯಾವುದನ್ನು ನಂಬಬೇಕು? ಇನ್ನೊಂದು ವಿಷಯ. ನಮ್ಮೂರ ಕೆರೆ ಏರಿಯ ಹತ್ತಿರ ಒಂದು ಮಾಸ್ತಿಕಲ್ಲು, ಅಂದರೆ ಗಂಡ ಸತ್ತಾಗ ಬೆಂಕಿಗೆ ಹೋದ ಹೆಣ್ಣಿನ ನೆನಪಿನ ಕಲ್ಲು ಇದೆ. ಅಜ್ಜಿ ಅದಕ್ಕೆ ಮಾಸ್ತಮ್ಮ ಅಂತ ಕುಂಕುಮ ಇಡುತ್ತಾರೆ. ಅವಳ ಮೇಲೆ ಕಾದಂಬರಿ ಬರೆಯೋ ಆಸೆ ಇದೆ. ಎಷ್ಟು ಕಲ್ಪನೆ ಮಾಡಬಹುದು?

ಉತ್ತರ: ಮೊದಲು ಶಾಂತಲೆಯ ವಿಷಯ ನೋಡೋಣ. ನಿಮ್ಮ ಮಾಸ್ತಮ್ಮನ ಹತ್ತಿರ ಹೋಗುವ ದಾರಿಯೂ ಅಲ್ಲೇ ಇದೆ.

ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿದರೆ ಸವತಿಗಂಧವಾರಣ ಬಸದಿ ಸಿಗುತ್ತದೆ. 1123ರಲ್ಲಿ ಶಾಂತಲೆಯೇ ಕಟ್ಟಿಸಿದ್ದು. ಒಳಗೆ ಶಾಂತಿನಾಥನಿದ್ದಾನೆ. ಬಸದಿಯ ಖರ್ಚಿಗೆ ಅಂತ ಮೊಟ್ಟೆನವಿಲೆ ಎಂಬ ಊರನ್ನು ತನ್ನ ಗುರು ಪ್ರಭಾಚಂದ್ರ ಸಿದ್ಧಾಂತದೇವರಿಗೆ ಬಿಟ್ಟುಕೊಟ್ಟಳು. ಅಲ್ಲೇ ಇನ್ನೊಂದು ಶಾಸನವಿದೆ. ಅವಳು ತೀರಿಕೊಂಡ ಮೇಲೆ ಬರೆಸಿದ್ದು. ಅದರಲ್ಲಿ ವಿರೋಧಿಕೃತ್ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಸೋಮವಾರ ಎಂದು ದಿನವನ್ನೂ ಹೇಳಿದ್ದಾರೆ. ನಮ್ಮ ಲೆಕ್ಕದಲ್ಲಿ 1131. ಅಂದು ಅವಳು ‘ಸಿವಗಂಗೆಯ ತೀರ್ಥದಲು ಮುಡಿಪಿ ಸ್ವರ್ಗತೆಯಾದಳು’.

ಇಷ್ಟೇ. ಬೆಟ್ಟದ ತುದಿಯ ಮಾತಿಲ್ಲ, ಹಾರಿದ ಮಾತೂ ಇಲ್ಲ.

‘ಮುಡಿಪಿ’ ಎಂಬ ಪದದ ಹತ್ತಿರ ಸ್ವಲ್ಪ ನಿಲ್ಲಿ. ದೇವರಿಗೆ ಮುಡಿಪು ಕಟ್ಟಿಡುವುದು, ಜೀವನ ಮುಡಿಪಾಗಿಡುವುದು ಅಂತ ನಾವು ಇವತ್ತಿಗೂ ಹೇಳುತ್ತೇವೆ. ಹಳಗನ್ನಡದಲ್ಲಿ ಅದಕ್ಕೆ ಮುಗಿಸು, ಕೊನೆಗಾಣಿಸು ಎಂಬ ಅರ್ಥ. ಅದೇ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಶಾಂತಲೆಗಿಂತ ನಾನೂರು, ಐನೂರು ವರ್ಷ ಹಿಂದಿನ ಪುಟ್ಟ ಪುಟ್ಟ ಬರಹಗಳಿವೆ. ವ್ರತ ಹಿಡಿದು ಅಲ್ಲಿ ಪ್ರಾಣ ಬಿಟ್ಟ ಜೈನ ಮುನಿಗಳ, ಕಂತಿಯರ (ಜೈನ ಸನ್ಯಾಸಿನಿಯರ) ನೆನಪಿಗೆ ಕೆತ್ತಿದ್ದು. ಅಲ್ಲೂ ‘ನೋಂತು ಮುಡಿಪ್ಪಿದರ್’ ಅನ್ನುತ್ತಾರೆ. ಅಂದರೆ ಶಾಸನ ಬರೆದವನು ಶಾಂತಲೆಯ ಸಾವಿಗೆ ಸಿಕ್ಕಿದ ಪದ ಹಾಕಲಿಲ್ಲ. ಆ ಬೆಟ್ಟದಲ್ಲಿ ಗೌರವದ ಸಾವಿಗೆ ಬಳಸುವ ಪದವನ್ನೇ ತಂದು ಇಟ್ಟ. ಅವಳು ಸಲ್ಲೇಖನವನ್ನೇ, ಅಂದರೆ ಉಪವಾಸವಿದ್ದು ದೇಹ ಬಿಡುವ ಜೈನ ವ್ರತವನ್ನೇ ಮಾಡಿದಳು ಎಂದು ಇದೊಂದರಿಂದ ನಾನು ಸಾಧಿಸಲಾರೆ. ಆದರೆ ಹತಾಶಳಾಗಿ ಬಂಡೆಯಿಂದ ಹಾರಿದವಳ ಬಗ್ಗೆ ಹೀಗೆ ಬರೆಯುವುದಿಲ್ಲ.

ಅದೇ ಶಾಸನ ಮುಂದೆ ತಾಯಿಯ ಕಥೆ ಹೇಳುತ್ತದೆ. ಮಗಳು ಹೋದ ಸುದ್ದಿ ಕೇಳಿದ ಮಾಚಿಕಬ್ಬೆ ಬೆಳಗೊಳಕ್ಕೆ ಬಂದಳು. ಒಂದು ತಿಂಗಳು ಉಪವಾಸವಿದ್ದು ಸನ್ಯಸನದಿಂದ ದೇಹ ಬಿಟ್ಟಳು. ನನಗೆ ಈ ಸಾಲುಗಳನ್ನು ಓದಿದಾಗಲೆಲ್ಲ ಶಾಂತಲೆಗಿಂತ ಈ ತಾಯಿಯೇ ಜಾಸ್ತಿ ಕಾಡುತ್ತಾಳೆ. ಗಂಡ ಪೆರ್ಗಡೆ ಮಾರಸಿಂಗಯ್ಯ ಶಿವಭಕ್ತ. ಇವಳು ಜೈನೆ. ಮಗಳು ಹೊಯ್ಸಳರ ಪಟ್ಟದ ರಾಣಿ. ಕೊನೆಗೆ ಒಂದು ತಿಂಗಳು, ಅನ್ನ ನೀರು ಬಿಡುತ್ತಾ ಕೂತ ಒಬ್ಬ ಮುದುಕಿ. ಅವಳ ಹೆಸರಲ್ಲಿ ಯಾವ ‘ಡ್ರಾಪ್’ ಕೂಡ ಇಲ್ಲ, ಅಲ್ವಾ?

ಹಾರಿದ ಕಥೆ ಹೇಗೆ ಹುಟ್ಟಿತು ಅನ್ನೋದು ಕಷ್ಟದ ಲೆಕ್ಕವೇನಲ್ಲ. ಶಾಸನದಲ್ಲಿ ಶಿವಗಂಗೆಯ ಹೆಸರಿದೆ. ಶಿವಗಂಗೆಯಲ್ಲಿ ಎದೆ ನಡುಗಿಸುವ ಬಂಡೆ ಇದೆ. ಶಾಂತಲೆ ಸತ್ತ ಮೇಲೆ ಪಟ್ಟಕ್ಕೆ ಬಂದ ನರಸಿಂಹ, ಅವಳ ಗಂಡ ವಿಷ್ಣುವರ್ಧನನಿಗೆ ಇನ್ನೊಬ್ಬ ರಾಣಿ ಲಕ್ಷ್ಮೀದೇವಿಯ ಹೊಟ್ಟೆಯಲ್ಲಿ ಹುಟ್ಟಿದವನು. ಈ ಮೂರನ್ನು ಸೇರಿಸಿ ಹೊಲಿದರೆ, ಮಕ್ಕಳಿಲ್ಲದ ಹಿರಿಯ ರಾಣಿ ಸವತಿಗೆ ದಾರಿ ಬಿಟ್ಟು ಪ್ರಾಣ ಕೊಟ್ಟಳು ಎಂಬ ಕಥೆ ತಾನೇ ತಾನಾಗಿ ಎದ್ದು ನಿಲ್ಲುತ್ತದೆ. ಕೇಳಿದವರ ಕಣ್ಣಲ್ಲಿ ನೀರು ಬರುತ್ತದೆ. ಹೆಣ್ಣಿನ ಕಥೆ ಅಂದರೆ ಕೊನೆಗೆ ತ್ಯಾಗ ಇರಲೇಬೇಕು ಎಂದು ನಮ್ಮ ಕಿವಿ ಪಳಗಿಬಿಟ್ಟಿದೆ. ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿಯೂ ಅವಳನ್ನು ತ್ಯಾಗದ ಮೂರ್ತಿಯಾಗಿಯೇ ಕಂಡಿತು. ತುಂಬಾ ಚೆನ್ನಾಗಿ ಓದಿಸಿಕೊಂಡು ಹೋಗುವ ಪುಸ್ತಕ ಅದು. ಆ ಕಾಲದ ಓದುಗರು ಅತ್ತು ಓದಿದರು.

ಆದರೆ ಶಾಸನಗಳಲ್ಲಿ ಅವಳಿಗೆ ಕೊಟ್ಟ ಬಿರುದುಗಳನ್ನು ಓದಿ ನೋಡಿ. ವಿವೇಕೈಕ ಬೃಹಸ್ಪತಿ. ಪ್ರತ್ಯುತ್ಪನ್ನ ವಾಚಸ್ಪತಿ, ಅಂದರೆ ಮಾತಿಗೆ ತಟ್ಟನೆ ಉತ್ತರ ಕೊಡುವವಳು. ಸಂಗೀತ, ನೃತ್ಯದಲ್ಲಿ ಪಳಗಿದವಳೆಂಬ ಹೊಗಳಿಕೆ. ಇವೆಲ್ಲದರ ಜೊತೆಗೆ ‘ಉದ್ವೃತ್ತ ಸವತಿ ಗಂಧವಾರಣೆ’. ಗಂಧವಾರಣ ಅಂದರೆ ಮದವೇರಿದ ಆನೆ. ಮೆರೆಯುವ ಸವತಿಯರಿಗೆ ಅವಳು ಮದದಾನೆಯಂತೆ! ಬಸದಿಗೂ ಅದೇ ಹೆಸರು. ಬೇಕಿದ್ದರೆ ಇದನ್ನು ಅಸೂಯೆ ಅನ್ನಬಹುದು. ನಾನು ಹಾಗೆ ಓದುವುದಿಲ್ಲ. ಗಂಡಸರು ‘ಶತ್ರುಗಳೆಂಬ ಆನೆಗೆ ಸಿಂಹ’ ಅಂತ ಬಿರುದು ಹಾಕಿಸಿಕೊಂಡು ಮೆರೆಯುತ್ತಿದ್ದ ಕಾಲ. ಇವಳೂ ಅದೇ ಧಾಟಿಯಲ್ಲಿ, ತನ್ನ ರಣರಂಗ ಯಾವುದೋ ಅಲ್ಲಿಯ ಬಿರುದು ಹೊತ್ತಳು. ದೇವರ ಮನೆಗೇ ಆ ಹೆಸರು ಇಟ್ಟವಳು ಸುಮ್ನೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾಳೆ ಎಂದು ನನಗೆ ಅನಿಸುವುದಿಲ್ಲ.

ನಾಗರಾಜರಾವ್ ಅವರ ದೊಡ್ಡತನ ಇರುವುದು ಇಲ್ಲಿ. ಚಳ್ಳಕೆರೆಯಲ್ಲಿ 1915ರಲ್ಲಿ ಹುಟ್ಟಿದ ಅವರು ಜನ ಒಪ್ಪಿಕೊಂಡಿದ್ದ ಕಥೆಯನ್ನು ಬದಿಗಿಟ್ಟು, ಮತ್ತೆ ಶಾಸನಗಳ ಹತ್ತಿರ ಹೋದರು. ಅವಳು ಮಕ್ಕಳಿಲ್ಲದವಳು, ಆತ್ಮಹತ್ಯೆ ಮಾಡಿಕೊಂಡವಳು ಎಂಬ ಎರಡನ್ನೂ ಒಪ್ಪಲಿಲ್ಲ. ನಾಲ್ಕು ಸಂಪುಟಗಳ ಕಾದಂಬರಿ ಬರೆದರು. ಭಾರತೀಯ ಜ್ಞಾನಪೀಠ ಸಂಸ್ಥೆ ಕೊಡುವ ಮೂರ್ತಿದೇವಿ ಪ್ರಶಸ್ತಿ 1983ರಲ್ಲಿ ಶುರುವಾದಾಗ ಮೊಟ್ಟಮೊದಲು ಬಂದದ್ದು ಈ ಕಾದಂಬರಿಗೆ.

ಅವರು ಕಲ್ಪನೆ ಮಾಡಿದ ಬಗೆಗೆ ಒಂದು ಉದಾಹರಣೆ ಹೇಳುತ್ತೇನೆ, ನಿಮಗೆ ಉಪಯೋಗಕ್ಕೆ ಬರುತ್ತದೆ. ಶಾಂತಲೆಯ ಸಾವನ್ನು ಹೇಳುವ ಆ ಶಾಸನವನ್ನು ಬರೆದವನ ಹೆಸರು ಬೋಕಿಮಯ್ಯ. ಶಾಸನದಲ್ಲಿ ಅವನಿಗೆ ಸಿಗುವ ಜಾಗ ಒಂದೆರಡು ಮಾತಿನಷ್ಟು. ನಾಗರಾಜರಾವ್ ಆ ಹೆಸರನ್ನು ಎತ್ತಿಕೊಂಡು, ಪುಟ್ಟ ಶಾಂತಲೆಗೆ ಪಾಠ ಹೇಳುವ ಗುರುವನ್ನಾಗಿ ಮಾಡಿದರು. ಅಕ್ಷರ ಕಲಿಸಿದವನೇ ಕೊನೆಗೆ ಅವಳ ಸಾವನ್ನು ಅಕ್ಷರಕ್ಕೆ ಇಳಿಸಬೇಕಾಯಿತು! ಇದನ್ನು ಯಾವ ಶಾಸನವೂ ಹೇಳುವುದಿಲ್ಲ. ಆದರೆ ಯಾವ ಶಾಸನವನ್ನೂ ಇದು ಸುಳ್ಳು ಮಾಡುವುದಿಲ್ಲ. ಕಲ್ಲು ಬಾಯಿ ಮುಚ್ಚಿದ ಕಡೆ ಮಾತ್ರ ಅವರು ಬಾಯಿ ತೆರೆದರು. ‘ಎಷ್ಟು ಕಲ್ಪನೆ ಮಾಡಬಹುದು’ ಅಂತ ಕೇಳಿದಿರಲ್ಲ, ನನ್ನ ಉತ್ತರ ಇದೇ.

ಆ ಕಾದಂಬರಿಯಲ್ಲಿ ನನಗೊಂದು ಕೊರತೆಯೂ ಕಾಣುತ್ತದೆ. ಶಾಂತಲೆ ತಪ್ಪೇ ಮಾಡುವುದಿಲ್ಲ. ಎಳೆಯ ಹುಡುಗಿಯಾಗಿದ್ದಾಗಲೇ ದೊಡ್ಡವರಿಗೆ ಬುದ್ಧಿ ಹೇಳುತ್ತಾಳೆ. ಆತ್ಮಹತ್ಯೆಯ ಕಳಂಕ ತೊಳೆಯುವ ಆತುರದಲ್ಲಿ ಅವಳ ಸಿಟ್ಟು, ಸಣ್ಣತನ, ಸುಸ್ತು ಎಲ್ಲವೂ ತೊಳೆದು ಹೋಗಿವೆ. ನೀವು ಬರೆಯುವಾಗ ನಿಮ್ಮ ಹೆಣ್ಣಿಗೆ ಒಂದೆರಡು ತಪ್ಪು ಮಾಡಲು ಬಿಡಿ.

ಈಗ ಸಾಮಾನ್ಯ ಹೆಣ್ಣುಮಕ್ಕಳ ಕಡೆ ಬರೋಣ. ರಾಣಿಗೆ ಶಾಸನವಿದೆ, ನಮ್ಮೂರವಳಿಗೆ ಏನಿದೆ ಅಂತ ನಿಮಗೆ ಅನಿಸಬಹುದು. ನೀವು ಅಂದುಕೊಂಡಿರುವುದಕ್ಕಿಂತ ಜಾಸ್ತಿ ಇದೆ. ಮತ್ತೆ ಮತ್ತೆ ನನಗೆ ಕಂಡಿದ್ದು ಏನೆಂದರೆ, ಹಳೆಯ ಶಾಸನಗಳು ಹೆಣ್ಣಿನ ಸಾವಿನ ಜೊತೆಗೆ ಅವಳ ಕೆಲಸವನ್ನೂ ಹೇಳುತ್ತವೆ. ನಾವು ಸಾವನ್ನು ಮಾತ್ರ ನೆನಪಿಟ್ಟುಕೊಂಡು ಕೆಲಸವನ್ನು ಮರೆತುಬಿಡುತ್ತೇವೆ.

ಶಿಕಾರಿಪುರ ಸೀಮೆಯ ಜಕ್ಕಿಯಬ್ಬೆಯನ್ನೇ ನೋಡಿ. 10ನೇ ಶತಮಾನದ ಆರಂಭ, ರಾಷ್ಟ್ರಕೂಟರ ಕಾಲ. ನಾಗರಖಂಡ ಎಪ್ಪತ್ತು ಅಂದರೆ ಎಪ್ಪತ್ತು ಹಳ್ಳಿಗಳ ನಾಡು. ಅದರ ನಾಳ್ಗಾವುಂಡ ಸತ್ತರಸ ನಾಗಾರ್ಜುನ ತೀರಿಕೊಂಡ. ಆ ಗೌಡಿಕೆಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟರು. ಅವಳು ಎಪ್ಪತ್ತು ಹಳ್ಳಿ ಆಳಿದಳು, ಚೆನ್ನಾಗಿ ಆಳಿದಳು ಎಂದು ಶಾಸನ ಹೊಗಳುತ್ತದೆ. ಮುಂದೆ ಕಾಯಿಲೆ ಬಿದ್ದಾಗ ಮಗಳನ್ನು ಕರೆದು ಅಧಿಕಾರ ಒಪ್ಪಿಸಿದಳು. ಆಮೇಲೆ ಬಂದಣಿಕೆಗೆ, ಅಂದರೆ ಇವತ್ತಿನ ಬಂದಳಿಕೆಗೆ ಬಂದು, ಬಸದಿಯಲ್ಲಿ ವ್ರತ ಹಿಡಿದು ತೀರಿಕೊಂಡಳು. ತಾಯಿಯಿಂದ ಮಗಳಿಗೆ ಗೌಡಿಕೆ! ಒಂದು ಸಾವಿರ ವರ್ಷದ ಹಿಂದೆ, ಮಲೆನಾಡಿನ ಅಂಚಿನಲ್ಲಿ. ಗಂಡ ಸತ್ತ ಮಾರನೇ ದಿನ ಅವಳ ಮುಂದೆ ಬಂದು ನಿಂತ ಮೊದಲ ತಕರಾರು ಯಾವುದು? ತೆರಿಗೆಯದಾ, ಗಡಿಯದಾ? ಎದುರು ಕೂತ ಗೌಡರ ಮುಖ ಹೇಗಿತ್ತು? ಬರೆಯುವವರಿಗೆ ಇಷ್ಟು ಸಾಲದೇ?

ಇನ್ನೊಬ್ಬಳು ಉಳ್ಳಾಲದ ರಾಣಿ ಅಬ್ಬಕ್ಕ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ನಮ್ಮ ಕಡೆ ಬಂದಿದ್ದ. ಇಕ್ಕೇರಿ ನೋಡಿ, ಕರಾವಳಿಗೆ ಇಳಿದು, ಉಳ್ಳಾಲದ ರಾಣಿಯನ್ನು ಕಾಣಬೇಕೆಂದು ಹೋದ. ಅರಮನೆಯಲ್ಲಿ ಸಿಂಹಾಸನದ ಮೇಲೆ ಸಿಗುತ್ತಾಳೆ ಅಂದುಕೊಂಡಿದ್ದರೆ ಅವನ ಲೆಕ್ಕ ತಪ್ಪಿತು. ಬರಿಗಾಲಲ್ಲಿ ನಡೆದು ಬರುತ್ತಿದ್ದಳು. ಮೈಮೇಲೆ ಹತ್ತಿ ಬಟ್ಟೆ, ತಲೆ ಮೇಲೆ ಗರಿಯ ಕೊಡೆ. ಗದ್ದೆಗೆ ನೀರು ಹಾಯಿಸಲು ಕಾಲುವೆ ತೋಡಿಸುತ್ತಿದ್ದಳು, ಆ ಕೆಲಸ ನೋಡಿಕೊಳ್ಳಲು ಹೊರಟಿದ್ದಳು. ನೋಡಲು ಅಡುಗೆ ಮನೆಯ ಕೆಲಸದವಳ ಹಾಗಿದ್ದಾಳೆ, ಬಾಯಿ ತೆರೆದರೆ ಮಾತು ಮಾತ್ರ ರಾಣಿಯದು ಎಂಬರ್ಥದಲ್ಲಿ ಅವನು ಬರೆದುಕೊಂಡ. ಮೊದಲರ್ಧದಲ್ಲಿ ಅವನ ಯುರೋಪಿನ ಕಣ್ಣಿನ ಕೊಳೆ ಇದೆ. ಆದರೂ ನಾನು ಅವನಿಗೆ ಋಣಿ. ಅಬ್ಬಕ್ಕ ಅಂದರೆ ಕುದುರೆ, ಕತ್ತಿ, ಪೋರ್ಚುಗೀಸರ ಹಡಗಿಗೆ ಬೆಂಕಿ ಅಂತಷ್ಟೇ ಚಿತ್ರ ಬರೆಯುವ ನಮಗೆ, ಕೆಸರು ಬದುವಿನ ಮೇಲೆ ನಿಂತು ನೀರು ಯಾವ ಕಡೆ ಹರಿಯಬೇಕು ಎಂದು ಕೈ ತೋರಿಸುವ ಒಬ್ಬ ರಾಣಿಯನ್ನು ಅವನು ಉಳಿಸಿಕೊಟ್ಟ. ತುಳುನಾಡಿನ ಗದ್ದೆ ಕಂಡವರಿಗೆ ಗೊತ್ತು, ಆ ನೀರಿನ ಲೆಕ್ಕ ತಪ್ಪಿದರೆ ಕತ್ತಿಯಿಂದ ಏನೂ ಉಪಯೋಗವಿಲ್ಲ.

ಬಾಯಿಮಾತಿನ ಕಥೆಗಳನ್ನು ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಚಿತ್ರದುರ್ಗದ ಓಬವ್ವನನ್ನು ನಮಗೆ ಕೊಟ್ಟದ್ದೇ ಜನರ ಬಾಯಿ. ಹೈದರಾಲಿಯ ಮುತ್ತಿಗೆ ಕಾಲ. ಗಂಡ ಕಹಳೆಯ ಮುದ್ದಹನುಮ ಕಾವಲು ಕೆಲಸದವನು, ಊಟಕ್ಕೆ ಮನೆಗೆ ಬಂದಿದ್ದ. ಕುಡಿಯಲು ನೀರಿಲ್ಲ. ತಣ್ಣೀರು ದೋಣಿಯಿಂದ ನೀರು ತರೋಣ ಅಂತ ಹೋದವಳಿಗೆ ಕಿಂಡಿಯಲ್ಲಿ ಶತ್ರುಗಳು ನುಸುಳುವುದು ಕಂಡಿತು. ಕೈಗೆ ಸಿಕ್ಕಿದ್ದು ಒನಕೆ. ಈ ಕಥೆಯಲ್ಲಿ ಏನೇನಿದೆ ನೋಡಿ. ಊಟದ ಹೊತ್ತು, ಖಾಲಿ ಕೊಡ, ನೀರು ತರುವ ದಾರಿ, ಭತ್ತ ಕುಟ್ಟುವ ಒನಕೆ. ಕಾವಲುಗಾರನ ಹೆಂಡತಿಯ ಇಡೀ ದಿನ ಅದರಲ್ಲಿದೆ. ದಿನವೂ ಕುಟ್ಟಿ ಕುಟ್ಟಿ ಗಟ್ಟಿಯಾದ ತೋಳು ಅವತ್ತು ಬೇರೆ ಕೆಲಸ ಮಾಡಿತು. ದುರ್ಗದ ನಾಯಕರ ಬಗ್ಗೆ ತ.ರಾ.ಸು. ಸಾಲು ಸಾಲು ಕಾದಂಬರಿ ಬರೆದರು. ‘ದುರ್ಗಾಸ್ತಮಾನ’ ಅವುಗಳಲ್ಲಿ ದೊಡ್ಡದು. ತೀರಿಕೊಂಡ ಮೇಲೆ, 1985ರಲ್ಲಿ ಅವರಿಗೆ ಅದರ ಸಲುವಾಗಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವುಗಳನ್ನು ಓದುವಾಗ ಗಮನಿಸಿ: ಕೋಟೆಯ ಬಾಗಿಲು, ಬತೇರಿ, ಹೊಂಡ, ಗಾಳಿಯ ದಿಕ್ಕು ಕೂಡ ಅವರಿಗೆ ಅಂಗೈ ಮೇಲಿತ್ತು. ಆ ಕಲ್ಲಿನ ಮೇಲೆ ನಡೆದಾಡಿದವರಿಗೆ ಮಾತ್ರ ಹಾಗೆ ಬರೆಯಲು ಬರುತ್ತದೆ. ನಿಮಗೂ ನಿಮ್ಮೂರ ಕೆರೆ ಏರಿ ಹಾಗೆಯೇ ಗೊತ್ತಿರಬೇಕು.

ಇನ್ನು ನಿಮ್ಮ ಮಾಸ್ತಮ್ಮ.

ಮಾಸ್ತಿಕಲ್ಲಿನಲ್ಲಿ ಸಾಮಾನ್ಯವಾಗಿ ಒಂದು ಕಂಬ, ಅದರಿಂದ ಹೊರಟ ಮಡಿಚಿದ ತೋಳು, ಮೇಲೆತ್ತಿದ ಅಂಗೈ ಇರುತ್ತದೆ. ಕೈ ತುಂಬ ಬಳೆ. ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಒಂದು ನಿಂಬೆಹಣ್ಣು. ಮೇಲೆ ಸೂರ್ಯ, ಚಂದ್ರ. ಬಳೆ ಒಡೆಯದೆ ಹೋದಳು, ಮುತ್ತೈದೆಯಾಗಿಯೇ ಹೋದಳು ಅನ್ನುವುದಕ್ಕೆ ಆ ಬಳೆ. ಮೊದಲು ಆ ಬಳೆಗಳನ್ನೇ ನೋಡಿ. ಸಾದಾ ಬಳೆಯಾ, ಕಡಗವಾ, ತೋಳಬಂದಿ ಇದೆಯಾ? ಪಕ್ಕದಲ್ಲಿ ಗಂಡಸಿನ ಚಿತ್ರ ಇದ್ದರೆ ಅವನ ಕೈಯಲ್ಲಿ ಕತ್ತಿ ಇದೆಯಾ, ಬಿಲ್ಲು ಇದೆಯಾ? ಕೆಳಗೆ ದನ ಕೆತ್ತಿದ್ದರೆ ತುರುಗೊಳ್, ಅಂದರೆ ದನ ಹಿಡಿಯಲು ಬಂದವರ ಜೊತೆಗಿನ ಜಗಳದಲ್ಲಿ ಅವನು ಸತ್ತಿರಬಹುದು. ಅಕ್ಷರ ಇದೆಯಾ ಎಂದು ನಡು ಮಧ್ಯಾಹ್ನ ಹುಡುಕಬೇಡಿ, ಏನೂ ಕಾಣುವುದಿಲ್ಲ. ಸಂಜೆ ಬಿಸಿಲು ಓರೆಯಾದಾಗ ಹೋಗಿ. ಇಲ್ಲವೇ ರಾತ್ರಿ ಟಾರ್ಚನ್ನು ಕಲ್ಲಿನ ಪಕ್ಕದಿಂದ ಹಿಡಿಯಿರಿ. ಎದುರಿನಿಂದ ಹಿಡಿದರೆ ಚಪ್ಪಟೆಯಾಗಿ ಕಾಣುವ ಕಲ್ಲಿನಲ್ಲಿ, ಪಕ್ಕದಿಂದ ಬೆಳಕು ಬಿದ್ದಾಗ ಒಂದೊಂದೇ ಅಕ್ಷರ ಎದ್ದು ಬರುತ್ತದೆ. ಆ ಕ್ಷಣ ನಾನು ಎಷ್ಟೋ ಸಲ ಕಂಡಿದ್ದೇನೆ, ಪ್ರತಿ ಸಲವೂ ಮೈ ಜುಮ್ ಅನ್ನುತ್ತದೆ. ತಂತಿ ಬ್ರಷ್, ಆಸಿಡ್ ಮುಟ್ಟಿಸಬೇಡಿ. ನೀರು, ಮೆದುವಾದ ನಾರು ಸಾಕು. ಅಜ್ಜಿಯನ್ನು ಕೇಳಿ, ಅವರ ಕೈಯಿಂದಲೇ ತೊಳೆಸಿ. ಅದು ಅವರಿಗೆ ದೇವರು.

ಅಕ್ಷರ ಕಂಡರೆ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಆಮೇಲೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ನಿಮ್ಮ ತಾಲ್ಲೂಕಿನ ಭಾಗ ತೆರೆದು ನಿಮ್ಮೂರ ಹೆಸರು ಹುಡುಕಿ. ಬಿ.ಎಲ್. ರೈಸ್ ನೂರು ವರ್ಷಕ್ಕೂ ಹಿಂದೆ ಹಳೇ ಮೈಸೂರು ಸೀಮೆಯ ಹಳ್ಳಿ ಹಳ್ಳಿಯ ಶಾಸನಗಳನ್ನು ಅಚ್ಚು ಹಾಕಿಸಿದರು. ನಿಮ್ಮ ಕಲ್ಲು ಆಗಲೇ ಅಲ್ಲಿ ಇರಬಹುದು. ಒಂದು ಎಚ್ಚರ: ಎಲ್ಲ ಕಲ್ಲುಗಳೂ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಶ್ರವಣಬೆಳಗೊಳದ ಸಂಪುಟವನ್ನೇ ನೋಡಿ. 1889ರಲ್ಲಿ ರೈಸ್ ತಂದಾಗ ಅದರಲ್ಲಿ 144 ಶಾಸನ. 1923ರಲ್ಲಿ ಆರ್. ನರಸಿಂಹಾಚಾರ್ ಮತ್ತೆ ತಂದಾಗ 500. ಆದ್ದರಿಂದ ಪುಸ್ತಕದಲ್ಲಿ ಇಲ್ಲ ಎಂದ ಮಾತ್ರಕ್ಕೆ ನಿರಾಸೆ ಬೇಡ.

ಸಿಗದೇ ಹೋದರೆ ಬೇರೆ ಮಾಸ್ತಿಗಳ ಕಥೆ ಓದಿ. ಹೆಗ್ಗಡದೇವನಕೋಟೆ ಕಡೆಯ ಬೆಳತೂರಿನಲ್ಲಿ 1057ರ ಒಂದು ಕಲ್ಲು ಇದೆ. ದೇಕಬ್ಬೆಯ ಕಥೆ ಅದು. ಅಪ್ಪ ನುಗುನಾಡಿನ ಒಡೆಯ ರವಿಗ. ಗಂಡ ನವಿಲೆನಾಡಿನ ಏಚ. ಕುಸ್ತಿಯಲ್ಲಿ ನೆಂಟನೊಬ್ಬ ಏಚನ ಕೈಯಲ್ಲಿ ಸತ್ತ. ಚೋಳ ರಾಜ ಏಚನನ್ನು ತಲಕಾಡಿಗೆ ಒಯ್ದು ಕೊಲ್ಲಿಸಿದ. ಸುದ್ದಿ ಕೇಳಿದ ದೇಕಬ್ಬೆ ಬೆಂಕಿಗೆ ಹೊರಟಳು. ಅಪ್ಪ ಅಮ್ಮ ಬೇಡ ಬೇಡ ಅಂದರು, ಕೇಳಲಿಲ್ಲ. ಶಾಸನ ಬರೆದವನು ಅವಳನ್ನು ಹಾಡಿ ಹೊಗಳುತ್ತಾನೆ. ಆದರೂ ಬೇಡ ಅಂದ ಹೆತ್ತವರನ್ನು ಅವನು ಬಿಟ್ಟುಬಿಡಲಿಲ್ಲ. ಆ ಕಲ್ಲಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಅದೇ. ಆ ಕಾಲದಲ್ಲಿ ಎಲ್ಲರೂ ಒಪ್ಪಿ, ಹೂ ಹಾಕಿ ಕಳಿಸಿದರು ಎಂದು ಬರೆಯುವವರಿಗೆ ಅದು ಉತ್ತರ. ನಿಮ್ಮನ್ನು ಕೈ ಮುಗಿದು ಕೇಳಿಕೊಳ್ಳುತ್ತೇನೆ, ಬೆಂಕಿಯನ್ನು ಅಂದಗಾಣಿಸಬೇಡಿ. ಅವಳು ಬೆಂಕಿಗೆ ಹೋದದ್ದು ಒಂದು ದಿನ. ಅದಕ್ಕೆ ಮುಂಚಿನ ಇಪ್ಪತ್ತೋ ಮೂವತ್ತೋ ವರ್ಷ ಅವಳು ನೀರು ಸೇದಿದಳು, ಕಳೆ ಕಿತ್ತಳು, ಯಾರ ಜೊತೆಗೋ ಜಗಳ ಆಡಿದಳು, ನಕ್ಕಳು. ಪುಟಗಳನ್ನು ಅದಕ್ಕೆ ಕೊಡಿ.

ಆ ವರ್ಷಗಳನ್ನು ತುಂಬುವಾಗ ಸಣ್ಣ ವಿಷಯಗಳಲ್ಲಿ ಎಡವಬೇಡಿ. ಹೊಯ್ಸಳರ ಕಾಲದ ಅಡುಗೆ ಮನೆಯಲ್ಲಿ ಮೆಣಸಿನಕಾಯಿ ಇಲ್ಲ. ಅದು ಪೋರ್ಚುಗೀಸರ ಹಡಗಿನಲ್ಲಿ 16ನೇ ಶತಮಾನದಲ್ಲಿ ಬಂದದ್ದು. ಅದಕ್ಕೆ ಮುಂಚೆ ಖಾರಕ್ಕೆ ಮೆಣಸು, ಹಿಪ್ಪಲಿ, ಶುಂಠಿ. ನಮ್ಮವರು ಹೊಸ ಕಾಯಿಗೆ ಹಳೇ ಮೆಣಸಿನ ಹೆಸರನ್ನೇ ಅಂಟಿಸಿದರು. ಆಲೂಗಡ್ಡೆ, ಟೊಮೆಟೊ, ಕಡಲೆಕಾಯಿ ಕೂಡ ಆಮೇಲೆ ಬಂದವೇ. ರಾಗಿ, ಹುರುಳಿ, ಅವರೆ, ಎಳ್ಳು ಧಾರಾಳವಾಗಿ ಬರೆಯಿರಿ. ಹೆಸರಿನ ವಿಷಯದಲ್ಲೂ ಅಷ್ಟೆ. ಮಾಚಿಕಬ್ಬೆ, ಜಕ್ಕಿಯಬ್ಬೆ, ದೇಕಬ್ಬೆ, ಅತ್ತಿಮಬ್ಬೆ. ಎಲ್ಲದರ ಕೊನೆಗೂ ‘ಅಬ್ಬೆ’, ಅಂದರೆ ಅಮ್ಮ. 11ನೇ ಶತಮಾನದ ಹಳ್ಳಿ ಹುಡುಗಿಗೆ ಇವತ್ತಿನ ಸೀರಿಯಲ್‌ ನಾಯಕಿಯ ಹೆಸರು ಇಟ್ಟರೆ ಮೊದಲ ಪುಟದಲ್ಲೇ ಓದುಗರ ನಂಬಿಕೆ ಹೋಗುತ್ತದೆ.

ಅಜ್ಜಿಯಿಂದ ಕಥೆ ಕೇಳಿಕೊಳ್ಳುವುದನ್ನು ಮಾತ್ರ ಮುಂದಕ್ಕೆ ಹಾಕಬೇಡಿ. ಈ ವಾರವೇ ಕೂರಿ. ಫೋನಿನಲ್ಲಿ ರೆಕಾರ್ಡ್ ಮಾಡಿ. ‘ಮಾಸ್ತಮ್ಮ ಯಾರು’ ಅಂತ ನೇರವಾಗಿ ಕೇಳಿದರೆ ಎರಡು ಮಾತಲ್ಲಿ ಮುಗಿದುಹೋಗುತ್ತದೆ. ‘ಕುಂಕುಮ ಇಡೋದನ್ನು ನಿಮಗೆ ಯಾರು ಹೇಳಿಕೊಟ್ಟರು? ಯಾವ ದಿನ ಇಡಬೇಕು? ಎಡೆಗೆ ಏನು ಮಾಡಬೇಕು, ಏನು ಮಾಡಬಾರದು? ಯಾವ ಮನೆಯವರು ಮೊದಲು ಪೂಜೆ ಮಾಡಬೇಕು?’ ಹೀಗೆ ಕೇಳಿ. ಮೊದಲ ಪೂಜೆಯ ಹಕ್ಕು ಯಾವ ಮನೆಯದೋ ಅಲ್ಲಿ ಮಾಸ್ತಮ್ಮನ ವಂಶದ ಎಳೆ ಸಿಗುವ ಸಾಧ್ಯತೆ ಇರುತ್ತದೆ. ಅಜ್ಜಿಗೆ ಬೀಸುವ ಪದ, ಸೋಬಾನೆ ಪದ ಬರುತ್ತಿದ್ದರೆ ಅವನ್ನೂ ಹಾಡಿಸಿ. ಮಾಸ್ತಮ್ಮನ ಹೆಸರು ಅವುಗಳಲ್ಲಿ ಇಲ್ಲದಿದ್ದರೂ ಪರವಾಗಿಲ್ಲ, ಆ ಊರಿನ ಹೆಣ್ಣುಮಕ್ಕಳು ಯಾವ ಮಾತಲ್ಲಿ ಅಳುತ್ತಾರೆ, ಯಾವ ಮಾತಲ್ಲಿ ಬೈಯುತ್ತಾರೆ ಅನ್ನೋದು ಅಲ್ಲಿ ಇರುತ್ತದೆ. ನಿಮ್ಮ ಕಾದಂಬರಿಗೆ ಬೇಕಾದ ಭಾಷೆ ಅದು.

ಕಲ್ಲಿನ ಫೋಟೊ ಕಳಿಸಿ. ಅಕ್ಷರ ಇದ್ದರೆ ಕೂತು ಓದೋಣ. ತೆಗೆಯುವಾಗ ಅಳತೆ ಗೊತ್ತಾಗಲು ಪಕ್ಕದಲ್ಲಿ ಒಂದು ಸ್ಕೇಲ್ ಇಡಿ, ಕೆಳಭಾಗ ಮಣ್ಣಲ್ಲಿ ಹೂತಿದ್ದರೆ ಸ್ವಲ್ಪ ಬಿಡಿಸಿ ನೋಡಿ. ಬರಹ ಅಲ್ಲೇ ಅಡಗಿರುವುದು ಜಾಸ್ತಿ.